ಶಾಲು ಸಾಕು, ಬಚ್ಚಲ ಬಾಗಿಲು ಅಗಲ ಮಾಡಿ

ಗಾಯಗೊಂಡು ಮರಳಿದ ಸೈನಿಕನ ಮನೆಗೆ ಹೋದರೆ ಎಲ್ಲರ ಕಣ್ಣು ಮೊದಲು ಗೋಡೆಗೆ ಹೋಗುತ್ತದೆ. ಪದಕ, ಯೂನಿಫಾರ್ಮಿನ ಫೋಟೋ, ಯಾರೋ ಪುಢಾರಿ ಶಾಲು ಹೊದಿಸುತ್ತಿರುವ ಫೋಟೋ. ನಾನು ಹೇಳುವುದು ಇಷ್ಟೇ, ಒಮ್ಮೆ ಆ ಮನೆಯ ಬಚ್ಚಲ ಬಾಗಿಲು ನೋಡಿ ಬನ್ನಿ. ಪುಣೆಯ ಹಳೇ ಫ್ಲ್ಯಾಟುಗಳಲ್ಲಿ ಅದು ಎರಡಡಿ ಇದ್ದರೆ ಪುಣ್ಯ. ವೀಲ್‌ಚೇರ್ ಅದಕ್ಕಿಂತ ಅಗಲ. ಗಡಿಯಲ್ಲಿ ಗುಂಡು ತಿಂದು ಬಂದ ಮನುಷ್ಯ ತನ್ನದೇ ಮನೆಯಲ್ಲಿ ಸ್ನಾನಕ್ಕೆ ಹೋಗಬೇಕಾದರೆ ಬಾಗಿಲ ಹತ್ತಿರ ಕುರ್ಚಿ ಬಿಟ್ಟು ನೆಲದ ಮೇಲೆ ತೆವಳಬೇಕು.

ನನ್ನ ಸೋದರಮಾವ ಹಾಗೆ ಎಷ್ಟೋ ವರ್ಷ ತೆವಳಿದ್ದಾರೆ.

ನಾವು ಗೋಕಾಕ ಕಡೆಯವರು. ಮಾಮಾ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರಿನಲ್ಲಿ ಭರ್ತಿಯಾದವರು. ನಮ್ಮ ಕಡೆ ಹುಡುಗರಿಗೆ ಸೈನ್ಯ ಅಂದರೆ ಅದೇ. ಕಾಶ್ಮೀರದಲ್ಲಿ ಬೆನ್ನಿಗೆ ಗುಂಡು ಬಿತ್ತು. ಎದೆಯ ಕೆಳಗೆ ಏನೂ ಗೊತ್ತಾಗುವುದಿಲ್ಲ. ಡಾಕ್ಟರ ಲೆಕ್ಕದಲ್ಲಿ ಅದು ಟಿ4, ಅಂದರೆ ಎದೆ ಭಾಗದ ನಾಲ್ಕನೇ ಮೂಳೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟು. ಈಗ ಅವರು, ಅತ್ತಿ ಮತ್ತು ಕೆಲಸಕ್ಕೆಂದು ಊರು ಬಿಟ್ಟು ಬಂದ ನಾನು, ಮೂವರೂ ಪುಣೆಯ ದಿಘಿಯಲ್ಲಿ ಇದ್ದೇವೆ. ಊರಲ್ಲೇ ಇರಬಹುದಿತ್ತಲ್ಲ ಅಂತ ಬಹಳ ಜನ ಕೇಳುತ್ತಾರೆ. ಊರ ಮನೆಗೆ ಎತ್ತರದ ಕಟ್ಟೆ, ಪ್ರತಿ ಬಾಗಿಲಿಗೂ ಹೊಸ್ತಿಲು, ಹಿತ್ತಲಾಚೆ ಪಾಯಖಾನೆ. ಅದಕ್ಕಿಂತ ದೊಡ್ಡ ಕಾರಣ, ಇಂಥ ಗಾಯ ನೋಡಿ ಗೊತ್ತಿರುವ ಡಾಕ್ಟರು ಇರುವುದು ಇಲ್ಲಿ.

ಈ ವಿಷಯದಲ್ಲಿ ಪುಣೆಯ ಮಾತೇ ಬೇರೆ. ವಾನವಡಿಯಲ್ಲಿ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ ಇದೆ, 1944ರಲ್ಲಿ, ಎರಡನೇ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗಾಗಿ ಶುರುವಾದದ್ದು. ಖಡ್ಕಿಯ ಮಿಲಿಟರಿ ಆಸ್ಪತ್ರೆಯಲ್ಲಿ ಬೆನ್ನುಹುರಿಗೇ ಬೇರೆ ವಿಭಾಗ ಇದೆ. ಖಡ್ಕಿಯಲ್ಲೇ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್, ಅಂದರೆ ಮೈ ಸ್ವಾಧೀನ ತಪ್ಪಿದ ಸೈನಿಕರ ಕೇಂದ್ರ, 1974ರಿಂದ. ಮನೆಗೆ ಹೋಗಲು ಆಗದವರು, ಹೋದರೆ ನೋಡಿಕೊಳ್ಳುವವರಿಲ್ಲದವರು ಅಲ್ಲಿ ವರ್ಷಾನುಗಟ್ಟಲೆ ಇರುತ್ತಾರೆ. ಮಾಮಾನ ಗೆಳೆಯರು ಕೆಲವರು ಅಲ್ಲಿದ್ದಾರೆ. ಬ್ರಷ್ಷನ್ನು ಬಾಯಲ್ಲಿ ಕಚ್ಚಿ ಚಿತ್ರ ಬಿಡಿಸುವವರೂ ಇದ್ದಾರೆ, ಕುರ್ಚಿಯಲ್ಲೇ ಬಾಸ್ಕೆಟ್‌ಬಾಲ್ ಆಡುವವರೂ ಇದ್ದಾರೆ. ಇನ್ನು ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 1917ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಖಡ್ಕಿಗೆ ಬಂದದ್ದು. ಗಾಯಗೊಂಡ ಸೈನಿಕರಿಗೆ ಕೆಲಸ ಕಲಿಸುವುದೇ ಅದರ ಕಸುಬು. ಸೈನ್ಯ ತನ್ನ ಗಾಯಾಳುಗಳನ್ನು ಕೈಬಿಡುತ್ತದೆ ಅಂತ ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿರುವವರೆಗೆ ನೋಡಿಕೊಳ್ಳುತ್ತಾರೆ, ಚೆನ್ನಾಗೇ ನೋಡಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಡಿಸ್ಚಾರ್ಜ್ ಆಗಿ ಆಟೋದಲ್ಲಿ ಕೂತ ಮೇಲೆ. ಅಲ್ಲಿಂದ ಮುಂದೆ ಡಾಕ್ಟರೂ ನರ್ಸೂ ವಾರ್ಡ್‌ಬಾಯೂ ಎಲ್ಲಾ ಒಬ್ಬಳೇ ಹೆಂಗಸು. ನಮ್ಮ ಮನೆಯಲ್ಲಿ ಅತ್ತಿ.

ಬೆನ್ನುಹುರಿಗೆ ಪೆಟ್ಟಾದರೆ ನಡೆಯಲು ಬರುವುದಿಲ್ಲ ಅನ್ನುವುದಷ್ಟೇ ಜನರಿಗೆ ಗೊತ್ತು. ನಿಜ ಹೇಳಬೇಕೆಂದರೆ ನಡೆಯಲು ಬಾರದಿರುವುದು ಅದರಲ್ಲಿ ಸಣ್ಣ ತೊಂದರೆ. ಮೂತ್ರ ಬಂದದ್ದು ಗೊತ್ತಾಗುವುದಿಲ್ಲ. ನಾಲ್ಕರಿಂದ ಆರು ತಾಸಿಗೊಮ್ಮೆ ಕ್ಯಾಥೆಟರ್ ಹಾಕಿ ತೆಗೆಯಬೇಕು, ಪ್ರತಿ ಸಲ ಕೈ ಸೋಪಿನಲ್ಲಿ ತೊಳೆದೇ. ಒಮ್ಮೆ ಉದಾಸೀನ ಮಾಡಿದರೂ ಸೋಂಕು, ಚಳಿಜ್ವರ. ಹೊಟ್ಟೆಗೂ ಅದೇ ಪಾಡು. ಬೆಳಗ್ಗೆ ಒಂದೇ ಹೊತ್ತಿಗೆ ಕೂಡಿಸಿ ದಿನಾ ರೂಢಿ ಮಾಡಿಸಬೇಕು. ಇಲ್ಲದಿದ್ದರೆ ಇಡೀ ದಿನ ಎಲ್ಲೂ ಹೊರಗೆ ಹೋಗುವ ಹಾಗಿಲ್ಲ. ಇದನ್ನೆಲ್ಲಾ ಬರೆಯಬೇಕಾ ಅಂತ ಮಾಮಾನನ್ನೇ ಕೇಳಿದೆ. "ಬರಿ ತಂಗಿ, ಜನಾ ಗುಂಡಿನ ಕಥಿನ ಕೇಳ್ತಾರ, ಇದನ್ನ ಯಾರೂ ಕೇಳಂಗಿಲ್ಲ" ಅಂದರು.

ಆಮೇಲೆ ಬೆಡ್‌ಸೋರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಗುಂಡಿನಿಂದ ಉಳಿದವರನ್ನು ಆಮೇಲೆ ತಿನ್ನುವುದು ಇದೇ. ನಾವು ನಿದ್ದೆಯಲ್ಲೂ ಮಗ್ಗಲು ಬದಲಿಸುತ್ತೇವೆ, ಮೈ ತಾನಾಗೇ ಹೇಳುತ್ತದೆ. ಸ್ಪರ್ಶವೇ ಇಲ್ಲದ ಮೈ ಏನೂ ಹೇಳುವುದಿಲ್ಲ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿಗೆ ರಕ್ತ ಹೋಗುವುದಿಲ್ಲ, ಚರ್ಮ ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಮೂಳೆ ಕಾಣುವಷ್ಟು ತೂತು. ಅದು ಮಾಯಲು ತಿಂಗಳುಗಟ್ಟಲೆ ಮಲಗಿರಬೇಕು, ಮಲಗಿದರೆ ಇನ್ನೊಂದು ಕಡೆ ಹುಣ್ಣು. ಹಾಸಿಗೆ ಹಿಡಿದಿದ್ದಾಗ ರಾತ್ರಿ ಎರಡು ತಾಸಿಗೊಮ್ಮೆ ಅಲಾರಂ ಇಟ್ಟುಕೊಂಡು ಹೊರಳಿಸುತ್ತಿದ್ದರು ಅತ್ತಿ. ಕುರ್ಚಿಯಲ್ಲಿದ್ದಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತಬೇಕು. ಪ್ಯಾಂಟಿನ ಹಿಂಜೇಬನ್ನು ಅತ್ತಿ ಕತ್ತರಿಸಿ ತೆಗೆದುಬಿಡುತ್ತಾರೆ, ಆ ಹೊಲಿಗೆಯ ಗಂಟೂ ಸಾಕು ಹುಣ್ಣಾಗಲು. ಒಂದು ಸಲ ನೆಂಟರ ಮಗು ಆಡುತ್ತಾ ಕುರ್ಚಿ ಮೇಲೆ ಪೆನ್ನಿನ ಮುಚ್ಚಳ ಬಿಟ್ಟಿತ್ತು. ಮಾಮಾ ಅದರ ಮೇಲೆ ಮಧ್ಯಾಹ್ನವೆಲ್ಲಾ ಕೂತರು. ಆ ಗಾಯ ಮಾಯುವ ಹೊತ್ತಿಗೆ ಮಳೆಗಾಲ ಹೋಗಿ ದೀಪಾವಳಿ ಬಂತು. ಈಗ ದಿನಾ ರಾತ್ರಿ ಕನ್ನಡಿ ಹಿಡಿದು ಬೆನ್ನು, ಕುಂಡಿ, ಹಿಮ್ಮಡಿ ನೋಡಿಯೇ ದೀಪ ಆರಿಸುವುದು. ಸ್ನಾನದ ನೀರು ಎಷ್ಟು ಬಿಸಿ ಅಂತ ಅತ್ತಿ ಮೊಣಕೈ ಅದ್ದಿ ನೋಡುತ್ತಾರೆ, ಯಾಕಂದರೆ ಕಾಲು ಬೆಂದರೂ ಮಾಮಾಗೆ ಗೊತ್ತಾಗುವುದಿಲ್ಲ.

ಇನ್ನೊಂದು ಸಂಗತಿ ಡಾಕ್ಟರಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ಪೆಟ್ಟು ಟಿ6ರ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ (ಮಾಮಾನ ಟಿ4 ಅದಕ್ಕಿಂತ ಮೇಲೆ), ಕೆಳಗೆ ಎಲ್ಲಾದರೂ ಏನಾದರೂ ಕಿರಿಕಿರಿ ಆದಾಗ, ಹೆಚ್ಚಾಗಿ ಮೂತ್ರಕೋಶ ತುಂಬಿದಾಗ, ಬಿಪಿ ಧಡಕ್ಕನೆ ಏರಿಬಿಡುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರು ಸುರಿಯುತ್ತದೆ. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತಾರೆ. ಸುಮ್ನೆ ಬಿಟ್ಟರೆ ಮಿದುಳಲ್ಲಿ ರಕ್ತಸ್ರಾವ ಆಗಬಹುದು. ಒಂದು ರಾತ್ರಿ ಹೀಗಾಗಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಓಡಿದೆವು. ಆಗ ಸೋಂಕಾಗಿ ಮೂತ್ರದ ಪೈಪು ಹಾಕಿಯೇ ಬಿಟ್ಟಿದ್ದರು. ಅಲ್ಲಿನ ಹುಡುಗ ಡಾಕ್ಟರು ಬಿಪಿ ನೋಡಿ 150 ಇದೆ, ಅಂಥಾದ್ದೇನಿಲ್ಲ, ಟೆನ್ಶನ್ ಇರಬೇಕು ಅಂದರು. ಇಂಥ ಗಾಯ ಇದ್ದವರ ಬಿಪಿ ದಿನಾ 100ರ ಆಸುಪಾಸಿನಲ್ಲಿರುತ್ತದೆ, ಅವರಿಗೆ 150 ಅಂದರೆ ಅಪಾಯ. ಆಮೇಲೆ ಮಲಗಿಸಿ ಅಂದರು. ಏಳನೇ ಕ್ಲಾಸು ಓದಿದ ಅತ್ತಿ ತನ್ನ ಅಡುಗೆಮನೆ ಮರಾಠಿಯಲ್ಲೇ "ಝೋಪವೂ ನಕಾ, ಬಸವಾ" (ಮಲಗಿಸಬೇಡಿ, ಕೂಡಿಸಿ) ಅಂತ ಹೇಳಿ, ಮಾಮಾನನ್ನು ಎತ್ತಿ ಕೂಡಿಸಿ, ಬೆಲ್ಟು ಸಡಿಲ ಮಾಡಿ, ಪೈಪು ಎಲ್ಲಿ ಮಡಚಿದೆ ಅಂತ ಹುಡುಕಿ ನೇರ ಮಾಡಿದರು. ಚೀಲ ತುಂಬಿತು, ಬಿಪಿ ಇಳಿಯಿತು. ಡಾಕ್ಟರು ಒಳ್ಳೆಯವರು, ಕೂತು ಎಲ್ಲಾ ಕೇಳಿ ಬರೆದುಕೊಂಡರು. ಬಿಲ್ಲು ಮಾತ್ರ ಪೂರ್ತಿ ಹಾಕಿದರು ಅನ್ನಿ.

ಮಾಮಾಗೆ ಕೈ ಗಟ್ಟಿ, ಮೊದಮೊದಲು ಜಾಸ್ತಿ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ಆದರೆ ಇಷ್ಟು ವರ್ಷ ಕೈಯಿಂದಲೇ ಚಕ್ರ ತಳ್ಳಿ, ಕೈಯಿಂದಲೇ ಮೈ ಎತ್ತಿ ಈಗ ಭುಜ ಸವೆದಿದೆ. ಈ ಮುಪ್ಪಿನ ಲೆಕ್ಕ ಯಾರೂ ಹಾಕಿರುವುದಿಲ್ಲ. ಇಪ್ಪತ್ತೈದರ ಹುಡುಗನಿಗೆ ಕಲಿಸಿದ್ದು ಐವತ್ತಕ್ಕೆ ನಡೆಯುವುದಿಲ್ಲ, ಅಷ್ಟರಲ್ಲಿ ಎತ್ತುವವಳಿಗೂ ವಯಸ್ಸಾಗಿರುತ್ತದೆ.

ಕಾಲು ಹೋದವರ ಕಥೆ ಬೇರೆ. ಮಾಮಾನ ಜೊತೆಯವರೊಬ್ಬರು ರಾಯಬಾಗ ಕಡೆ ಇದ್ದಾರೆ, ನೆಲದಲ್ಲಿ ಹುಗಿದ ಮೈನ್ ಮೇಲೆ ಕಾಲಿಟ್ಟು ಮೊಣಕಾಲ ಕೆಳಗೆ ಹೋಗಿದೆ. ಕೃತಕ ಕಾಲು ಹಾಕಿದರೆ ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಉಳಿದ ಕಾಲಿನ ತುಂಡು ಸೊರಗುತ್ತಾ ಹೋಗುತ್ತದೆ, ಅದು ಕೂರುವ ಬಟ್ಟಲು, ಅಂದರೆ ಸಾಕೆಟ್, ಸಡಿಲಾಗುತ್ತದೆ, ಮೇಲೊಂದು ಕಾಲುಚೀಲ ಹಾಕು, ಎರಡು ಹಾಕು, ಆಮೇಲೆ ಹೊಸ ಸಾಕೆಟ್ಟೇ ಬೇಕು. ಮಳೆಗಾಲದಲ್ಲಿ ಒಳಗೆ ಬೆವತು ಚರ್ಮ ಸುಲಿಯುತ್ತದೆ. ಹೊಲದ ಕೆಸರಿನಲ್ಲಿ ನಡೆಯುವುದು, ಕುಕ್ಕರಗಾಲಲ್ಲಿ ಕೂರುವುದು ಆಗುವುದಿಲ್ಲ. ಪುಣೆಗೆ ಬಂದಾಗಲೆಲ್ಲಾ ನಮ್ಮಲ್ಲೇ ಇಳಿಯುತ್ತಾರೆ, ರಾತ್ರಿ ಇಲ್ಲದ ಪಾದ ತುರಿಸುತ್ತದೆ ಅಂತ ಎದ್ದು ಕೂರುತ್ತಾರೆ. ಇಲ್ಲದ ಕಾಲು ನೋಯುವುದು ಭ್ರಮೆ ಅಲ್ಲ, ಮಿದುಳಿನಲ್ಲಿ ಆ ಕಾಲಿನ ಜಾಗ ಇನ್ನೂ ಇರುತ್ತದೆ. ನಮ್ಮ ತಮಿಳುನಾಡಿನ ಕಡೆಯ ವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅಮೆರಿಕದಲ್ಲಿ 1990ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಇರುವ ಕಾಲನ್ನು ಕನ್ನಡಿಯಲ್ಲಿ ತೋರಿಸಿ ಇಲ್ಲದ ಕಾಲೂ ಆಡುತ್ತಿದೆ ಅಂತ ಮಿದುಳನ್ನು ನಂಬಿಸುವುದು. ನಮ್ಮ ಕಪಾಟಿನ ಉದ್ದ ಕನ್ನಡಿ ಬಿಚ್ಚಿ ಅವರಿಗೂ ಮಾಡಿ ನೋಡಿದೆವು. ಕೆಲವು ಸಲ ಹಗುರ ಆಗುತ್ತದೆ, ಕೆಲವು ಸಲ ಇಲ್ಲ. "ಇರ್ಲಿ ಬಿಡ್ರಿ, ಕನ್ನಡ್ಯಾಗ ಎರಡೂ ಕಾಲ ನೋಡಿದ್ನೆಲ್ಲಾ" ಅಂದು ನಕ್ಕರು.

ಇನ್ನು ಕಾಗದ. ಮೈ ನೋವಿಗಿಂತ ಇದು ಜಾಸ್ತಿ ಅಂತಾರೆ ಮಾಮಾ, ಸ್ಪರ್ಶ ಇಲ್ಲದವರು ಹೇಳುವ ಜೋಕು. ಯುದ್ಧಭೂಮಿಯಲ್ಲಿ ಗುಂಡು ಬಿದ್ದರೆ ವಾರ್ ಇಂಜುರಿ ಪೆನ್ಶನ್, ಅದರಲ್ಲಿ ವಾದ ಕಡಿಮೆ. ತರಬೇತಿಯಲ್ಲಿ ಬಿದ್ದವರು, ಹಿಮದಲ್ಲಿ ಬೆರಳು ಕಳೆದುಕೊಂಡವರು, ಕಿವಿ ಹೋದವರು, ಮನಸ್ಸು ಕೆಟ್ಟವರು, ಇವರಿಗೆಲ್ಲಾ ಮೆಡಿಕಲ್ ಬೋರ್ಡು ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಬರೆಯಬೇಕು, ಅದು ಸೇವೆಯಿಂದಲೇ ಆದದ್ದೋ ಅಥವಾ ಸೇವೆಯಿಂದ ಜಾಸ್ತಿಯಾದದ್ದೋ ಅಂತಲೂ ಬರೆಯಬೇಕು. ಆ ಒಂದು ಸಾಲು ಬರೆಯದಿದ್ದರೆ ಕೋರ್ಟು. ಭರ್ತಿಯಾದಾಗ ಕಾಯಿಲೆ ಇತ್ತು ಅಂತ ಬರೆದಿಟ್ಟಿಲ್ಲದಿದ್ದರೆ ಅದು ಸೇವೆಯಲ್ಲೇ ಬಂದದ್ದು ಅಂತ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಹೇಳಿತು. ಅಂಗವೈಕಲ್ಯ ಶೇಕಡಾ 50ಕ್ಕಿಂತ ಕಡಿಮೆ ಇದ್ದರೆ 50 ಅಂತ, 75ಕ್ಕಿಂತ ಜಾಸ್ತಿ ಇದ್ದರೆ 100 ಅಂತ ಲೆಕ್ಕ ಮಾಡುವ ಸೌಲಭ್ಯ ಪೂರ್ತಿ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲಬೇಕು ಅಂತ 2014ರಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಹೇಳಿತು. ಇಷ್ಟಾದರೂ ಜನ ಸೈನಿಕ ನ್ಯಾಯಮಂಡಳಿಗೆ ಒಬ್ಬೊಬ್ಬರೇ ಹೋಗಿ ತಮ್ಮ ಆದೇಶ ತರಬೇಕು. 2023ರಲ್ಲಿ ನಿಯಮಗಳು ಮತ್ತೆ ಬದಲಾದವು. ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಹಳೇ ಮೆಡಿಕಲ್ ಬೋರ್ಡಿನ ಕಾಗದ, ಗಾಯದ ರಿಪೋರ್ಟು ಎಂದೂ ಬಿಸಾಡಬೇಡಿ. ಲ್ಯಾಮಿನೇಶನ್ ಕೂಡ ಮಾಡಿಸಬೇಡಿ, ಜೆರಾಕ್ಸ್ ತೆಗೆದಿಡಿ.

100 ಶೇಕಡಾ ಇದ್ದವರಿಗೆ, ನೋಡಿಕೊಳ್ಳಲು ಆಳು ಬೇಕೇ ಬೇಕು ಅಂತ ಬೋರ್ಡು ಒಪ್ಪಿದರೆ, ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋವನ್ಸ್ ಅಂತ ಕೊಡುತ್ತಾರೆ. 7ನೇ ವೇತನ ಆಯೋಗದ ನಂತರ ಅದು ತಿಂಗಳಿಗೆ 6750 ರೂಪಾಯಿ ಆಯಿತು. ಡಿಎ (ತುಟ್ಟಿಭತ್ಯೆ) 50 ಶೇಕಡಾ ಮುಟ್ಟಿದಾಗ ಅದರ ಮೇಲೆ ಕಾಲು ಭಾಗ ಏರುತ್ತದೆ. ಕೊಡುವುದಕ್ಕೆ ಥ್ಯಾಂಕ್ಸ್. ಆದರೆ ಪುಣೆಯಲ್ಲಿ ಹಗಲಷ್ಟೇ ಬಂದು ನೋಡಿಕೊಳ್ಳುವ ಹೆಂಗಸು, ಇಲ್ಲಿಯವರು ಮಾವಶಿ ಅಂತಾರೆ, ಅದರ ದುಪ್ಪಟ್ಟಿಗಿಂತ ಜಾಸ್ತಿ ಕೇಳುತ್ತಾಳೆ, ಗಂಡಸಿನ ಮೈ ಎತ್ತುವ ಕೆಲಸ ಅಂದರೆ ಇನ್ನೂ ಜಾಸ್ತಿ. ಅವಳು ಕೇಳುವುದೂ ತಪ್ಪಲ್ಲ.

ಪಟಾಕಿ ಶಬ್ದಕ್ಕೆ ಬೆಚ್ಚುತ್ತಾರಾ ಅಂತ ಬಹಳ ಜನ ನನ್ನ ಕಿವಿಯಲ್ಲಿ ಕೇಳುತ್ತಾರೆ, ಸಿನಿಮಾ ನೋಡಿ ನೋಡಿ. ಕೆಲವರು ಬೆಚ್ಚುತ್ತಾರೆ, ಅದು ನಿಜವಾದ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ, "ತಲೆ ಕೆಟ್ಟೈತಿ" ಅಂತ ಮುಚ್ಚಿಡುವುದು ಬೇಡ. ಮಾಮಾ ಬೆಚ್ಚುವುದಿಲ್ಲ. ಗಣಪತಿ ಹಬ್ಬದ ಢೋಲ್ ತಾಶಾ ಪಥಕ ಬಂದರೆ ಬಾಲ್ಕನಿಗೆ ಬಂದು ತಾಳ ಹಾಕುತ್ತಾರೆ. ಅವರನ್ನು ಕುಗ್ಗಿಸುವುದು ಬೆಳಗ್ಗೆ ಹನ್ನೊಂದು ಗಂಟೆ. ಸ್ನಾನ ಆಗಿದೆ, ಪೇಪರ್ ಆಗಿದೆ, ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ, ಇನ್ನು ರಾತ್ರಿವರೆಗೆ ಮಾಡಲು ಏನೂ ಇಲ್ಲ. ಈ ಹೊತ್ತಿನಲ್ಲಿ ಕುಡಿತ ಹಿಡಿದವರು ಅವರ ಗೆಳೆಯರಲ್ಲೇ ಇದ್ದಾರೆ.

ಆಟ ಕೆಲವರನ್ನು ಎತ್ತಿದೆ. ಸಾಂಗಲಿ ಜಿಲ್ಲೆಯ ಮುರಳಿಕಾಂತ ಪೇಟ್ಕರ್ ಸೈನ್ಯದ ಯಂತ್ರ ದುರಸ್ತಿ ವಿಭಾಗವಾದ ಇಎಂಇಯಲ್ಲಿ ಸೈನಿಕ, ಬಾಕ್ಸರ್. 1965ರ ಯುದ್ಧದಲ್ಲಿ ಗುಂಡು ತಿಂದರು, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಈಜಿ ಚಿನ್ನ ತಂದರು. ಪದ್ಮಶ್ರೀ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷ ನೀವೇ ಎಣಿಸಿ. ನಾಗಾಲ್ಯಾಂಡಿನ ಹೊಕಾಟೊ ಸೆಮಾ 2002ರಲ್ಲಿ ಮೈನ್ ಸ್ಫೋಟದಲ್ಲಿ ಕಾಲು ಕಳೆದುಕೊಂಡವರು. ಖಡ್ಕಿಯ ಬಿಇಜಿಯಲ್ಲಿ (ಸೈನ್ಯದ ಬಾಂಬೆ ಎಂಜಿನಿಯರ್ ಗ್ರೂಪ್) ಗುಂಡು ಎಸೆತ, ಅಂದರೆ ಶಾಟ್‌ಪುಟ್, ಕಲಿತು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಹೆಮ್ಮೆಯೇ. ಆದರೆ ಇಂಥ ಒಂದು ವಿಡಿಯೋ ಬಂದಾಗಲೆಲ್ಲಾ ಅದನ್ನು ಮಾಮಾಗೆ ಕಳಿಸಿ "ನೀವೂ ಮಾಡಬಹುದು" ಅಂತ ಬರೆಯುವ ನೆಂಟರಿದ್ದಾರಲ್ಲ, ಅವರಿಗೆ ಕೈ ಮುಗಿಯುತ್ತೇನೆ. ಕಾಲು ಗಟ್ಟಿ ಇರುವ ಅವರು ಯಾವ ಪದಕ ತಂದಿದ್ದಾರೆ? ಮಾಮಾಗೆ ಬೇಕಾದದ್ದು ಒಲಿಂಪಿಕ್ಸ್ ಅಲ್ಲ, ಕೆಳಗಿಳಿದು ಕಟ್ಟಿಂಗ್ ಚಹಾ ಕುಡಿಯುವುದು.

ಆ ಕೆಳಗಿಳಿಯುವುದಕ್ಕೇ ಎಷ್ಟು ರಾಮಾಯಣ ಆಯಿತು ಕೇಳಿ. ಲಿಫ್ಟ್ ಇದೆ, ಆದರೆ ಲಾಬಿಯಿಂದ ಹೊರಗೆ ಹೋಗಲು ಒಂದು ಮೆಟ್ಟಿಲು, ಆರಿಂಚು. ಜುಲೈ 26 ಹತ್ತಿರ ಬಂದಾಗ ಸೊಸೈಟಿಯವರು ಮನೆಗೆ ಬಂದು, ಕಾರ್ಗಿಲ್ ದಿನ ನಿಮಗೆ ಸತ್ಕಾರ ಮಾಡುತ್ತೇವೆ, ಶಾಲು, ಶ್ರೀಫಲ ಅಂದರು. ಮಾಮಾ ಮರಾಠಿಯಲ್ಲಿ ನಯವಾಗಿ, ಶಾಲು ಬೇಡ ಸಾಹೇಬ್, ಆ ಮೆಟ್ಟಿಲಿಗೆ ಇಳಿಜಾರು ಮಾಡಿಸಿ ಅಂದರು. ಅವರು ಹೋದ ಮೇಲೆ ನಮಗೆ ಕನ್ನಡದಲ್ಲಿ, "ಟ್ರಂಕ್ ತುಂಬ ಶಾಲ ಅದಾವ, ಹೊದ್ಕೊಂಡ ಮೆಟ್ಟಿಲ ಹೆಂಗ ಇಳೀಲಿ?" ಅಂದರು. ಶಾಲಿಗೆ ಒಂದು ದಿನದಲ್ಲಿ ಮಂಜೂರಾತಿ ಸಿಕ್ಕಿತ್ತು. ಇಳಿಜಾರಿಗೆ ಮೀಟಿಂಗ್ ಮೇಲೆ ಮೀಟಿಂಗ್. ಎರಡು ಸ್ಕೂಟರಿನ ಜಾಗ ಹೋಗುತ್ತದಂತೆ, ಲಾಬಿಯ ಅಂದ ಕೆಡುತ್ತದಂತೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯ ಪ್ರತಿ ತೋರಿಸಿದ ಮೇಲೆ ಧ್ವನಿ ಸ್ವಲ್ಪ ಇಳಿಯಿತು. ಕೊನೆಗೆ ಗೌಂಡಿ ಬಂದು ಎರಡೂವರೆ ಅಡಿ ಉದ್ದದ ಇಳಿಜಾರು ಕಟ್ಟಿ, ಮೇಲೆ ನುಣ್ಣನೆ ಟೈಲ್ಸ್ ಹಾಕಿ ಹೋದ! ಒಂದಕ್ಕೆ ಹನ್ನೆರಡು ಅನ್ನುವುದು ಲೆಕ್ಕ, ಆರಿಂಚು ಎತ್ತರಕ್ಕೆ ಆರಡಿ ಉದ್ದ ಬೇಕು. ಒಡೆಸಿ ಮತ್ತೆ ಕಟ್ಟಿಸಿದ್ದಾಯಿತು, ಒರಟು ಫರಸಿ ಹಾಕಿ. ಈಗ ಅದನ್ನು ಎಲ್ಲರಿಗಿಂತ ಜಾಸ್ತಿ ಬಳಸುವವನು ಗ್ಯಾಸ್ ಸಿಲಿಂಡರಿನವನು.

ಬಚ್ಚಲ ಬಾಗಿಲು ನಮ್ಮ ಖರ್ಚಿನಲ್ಲೇ ಮಾಡಿಸಿದೆವು, ಗೋಡೆ ಒಡೆದು 90 ಸೆಂಟಿಮೀಟರ್. ಹೊಸ್ತಿಲ ಪಟ್ಟಿ ತೆಗೆಸಿ, ಕಮೋಡಿನ ಪಕ್ಕ ಗಟ್ಟಿ ಕಂಬಿ ಹಾಕಿಸಿದ್ದೇವೆ. ಟವೆಲ್ ಹಾಕುವ ಕಂಬಿ ಸಾಲುವುದಿಲ್ಲ, ಅದು ಮನುಷ್ಯನ ಭಾರಕ್ಕೆ ಕಿತ್ತು ಬರುತ್ತದೆ.

ಈಗ ಅತ್ತಿಯ ಮಾತು. ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಶಾಲು ಹೊದಿಸಿಲ್ಲ, ಹೊದಿಸಬೇಕು ಅಂತಲೂ ನಾನು ಹೇಳುತ್ತಿಲ್ಲ. ಅವರ ಸೊಂಟ ಹಿಡಿದುಕೊಂಡಿದೆ. ತಂಗಿಯ ಮಗಳ ಮದುವೆ ಬೈಲಹೊಂಗಲದಲ್ಲಿದೆ, ಹೋಗಬೇಕು ಅಂತ ಆಸೆ, ಆದರೆ ರಾತ್ರಿ ಮಾಮಾನನ್ನು ಯಾರು ನೋಡಬೇಕು? ನೆಂಟರು ಬರುತ್ತಾರೆ, ಹಣ್ಣು ತರುತ್ತಾರೆ, "ನಿಮ್ಮಂಥಾಕಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು" ಅಂತ ಹೊಗಳಿ ಚಹಾ ಕುಡಿದು ಹೋಗುತ್ತಾರೆ. ಆ ಚಹಾ ಮಾಡುವವರೂ ಅತ್ತಿಯೇ. ಇಂಥ ಮನೆಗೆ ಹೋಗುವವರು ದಯವಿಟ್ಟು ಹಣ್ಣು ಬಿಟ್ಟು ಎರಡು ತಾಸು ತನ್ನಿ. ನಾನು ಕೂತಿರುತ್ತೇನೆ, ನೀವು ಬಜಾರಿಗೆ ಹೋಗಿ ಬನ್ನಿ ಅನ್ನಿ.

ನಾನೂ ನನ್ನ ತಮ್ಮನೂ ಕೂತು ಅತ್ತಿಯಿಂದ ಎಲ್ಲಾ ಕಲಿತಿದ್ದೇವೆ. ಹೊರಳಿಸುವುದು, ಹಾಸಿಗೆಯಿಂದ ಕುರ್ಚಿಗೆ ಹಲಗೆ ಇಟ್ಟು ಜರುಗಿಸುವುದು, ಚೀಲ ಬದಲಿಸುವುದು, ತಲೆ ಸಿಡಿದರೆ ಮೊದಲು ಕೂಡಿಸಿ ಪೈಪು ನೋಡುವುದು. ಎಲ್ಲಾ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇವೆ. ಹಿಂಬದಿಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ, ರಾತ್ರಿ ಆಸ್ಪತ್ರೆಗೆ ಓಡುವ ಹೊತ್ತಿಗೆ ಕಿತ್ತುಕೊಂಡು ಹೋಗಿ ಡಾಕ್ಟರ ಕೈಗೆ ಕೊಡಲು. ಅತ್ತಿ ಬೆಳಗಾವಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದಾರೆ, ಹೋಗುತ್ತೇನೋ ಇಲ್ಲವೋ ಅಂತ ಇನ್ನೂ ಗೊಣಗುತ್ತಿದ್ದಾರೆ, ಸೀರೆ ಮಾತ್ರ ಇಸ್ತ್ರಿಗೆ ಕೊಟ್ಟಾಗಿದೆ. ಆ ಹಾಳೆ ಯಾರಿಗಾದರೂ ಬೇಕಿದ್ದರೆ ಕೇಳಿ, ಫೋಟೋ ಕಳಿಸುತ್ತೇನೆ. ಅಕ್ಷರ ನನ್ನ ತಮ್ಮನದು, ಕಾಗೆಕಾಲು ಗುಬ್ಬಿಕಾಲು. ಓದಲು ಬಾರದಿದ್ದರೆ ಫೋನಿನಲ್ಲಿ ಓದಿ ಹೇಳುತ್ತೇನೆ.